ಕಿಚ್ಚು ಆರಿದ ಮೇಲೆ

ಬೆಂಕಿಗೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು. ಒಲೆಯಲ್ಲಿದ್ದರೆ ಉರಿ, ಬೂದಿಯ ಅಡಿಯಲ್ಲಿದ್ದರೆ ಕೆಂಡ, ಕಾಡಿನಲ್ಲಿ ಎದ್ದರೆ ಕಾಳ್ಗಿಚ್ಚು. ಹಳಗನ್ನಡದವರು ಕಿರ್ಚು ಎಂದುದನ್ನು ನಾವು ಕಿಚ್ಚು ಎನ್ನುತ್ತೇವೆ. ಹೊರಗಿನ ಬೆಂಕಿಗೆ ಆಡುವ ಮಾತನ್ನೇ ನಮ್ಮ ಹಿರಿಯರು ಒಡಲೊಳಗಿನ ಸಂಕಟಕ್ಕೂ ಆಡಿದರು. ಮಗನನ್ನು ಕಳೆದುಕೊಂಡ ತಾಯಿ ‘ಹೊಟ್ಟೆ ಉರಿದುಹೋಯಿತು’ ಎನ್ನುತ್ತಾಳೆ. ‘ಕರುಳು ಸುಟ್ಟಿತು’ ಎನ್ನುತ್ತಾಳೆ. ಹೊರಗಿನದು ನೀರಿಗೆ ಆರುತ್ತದೆ, ಒಳಗಿನದು ಆರುವ ಬಗೆ ಬೇರೆ. ಮೊದಲನೆಯದರ ವಿಷಯವನ್ನು ಪತ್ರಿಕೆಗಳು ಬರೆಯುತ್ತವೆ: ಎಷ್ಟು ಎಕರೆ, ಎಷ್ಟು ಮನೆ, ಎಷ್ಟು ಲಕ್ಷ ನಷ್ಟ. ಎರಡನೆಯದರ ಚರಿತ್ರೆಯನ್ನು ಬರೆದವರು ಕಡಿಮೆ. ಬೆಂಗಳೂರಿನ ಬಡಗಣ ಭಾಗವಾದ ಯಲಹಂಕ, ಹೆಬ್ಬಾಳಗಳ ಸೀಮೆಯಿಂದ ಹೊರಟು, ಆ ಎರಡನೆಯ ಕಿಚ್ಚನ್ನು ನಮ್ಮ ಊರುಗಳು ಹೇಗೆ ಆರಿಸಿಕೊಳ್ಳುತ್ತ ಬಂದವೆಂಬುದನ್ನು ಇಲ್ಲಿ ನೋಡಬೇಕೆಂದಿದ್ದೇನೆ.

ಹತ್ತಿರದ ಸಂಗತಿಯಿಂದಲೇ ಆರಂಭಿಸೋಣ. ೨೦೧೯ನೆಯ ಇಸವಿ ಫೆಬ್ರವರಿ ೨೩, ಶನಿವಾರ. ಯಲಹಂಕದ ವಾಯುಪಡೆಯ ನೆಲೆಯಲ್ಲಿ ವೈಮಾನಿಕ ಪ್ರದರ್ಶನ. ೧೯೯೬ರಿಂದ ಎರಡು ವರ್ಷಕ್ಕೊಮ್ಮೆ ನಡೆದುಬಂದ ಉತ್ಸವ ಅದು. ರಜೆಯ ದಿನವಾದುದರಿಂದ ಊರಿಗೆ ಊರೇ ಸೇರಿತ್ತು. ಜನರು ಕಾರುಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಮಕ್ಕಳ ಕೈಹಿಡಿದು ಒಳಗೆ ಹೋಗಿದ್ದರು. ನಡುಹಗಲಿನ ಹೊತ್ತಿಗೆ ಆ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿತು. ಸಿಗರೇಟಿನ ತುಂಡೋ, ಕಾದ ಸೈಲೆನ್ಸರೋ ಎಂದು ಜನ ಆಮೇಲೆ ಮಾತನಾಡಿಕೊಂಡರು. ಗಾಳಿ ಬೀಸುತ್ತಿತ್ತು. ಹುಲ್ಲಿನಿಂದ ಚಕ್ರಕ್ಕೆ, ಒಂದು ಕಾರಿನಿಂದ ಮತ್ತೊಂದಕ್ಕೆ ಹಬ್ಬಿ, ಸುಮಾರು ಮುನ್ನೂರು ವಾಹನಗಳು ಸುಟ್ಟುಹೋದವು. ಪ್ರಾಣಹಾನಿಯಾಗಲಿಲ್ಲ. ಆಕಾಶದಲ್ಲಿ ವಿಮಾನಗಳ ಹೊಗೆಯನ್ನು ನೋಡಲು ಬಂದವರು ನೆಲದಿಂದೆದ್ದ ಕರಿಹೊಗೆಯನ್ನು ನೋಡಿದರು.

ಮರುದಿನ ಕೈಯಲ್ಲಿ ಬರಿಯ ಬೀಗದ ಕೈ ಹಿಡಿದುಕೊಂಡು ಬಂದು ನಿಂತವರ ಸಂಕಟ ಸಣ್ಣದೆನ್ನಲಾಗದು. ಕಾರಿನ ಜೊತೆಗೆ ಕಾರಿನ ಕಾಗದಪತ್ರಗಳೂ ಉರಿದಿದ್ದವು. ಕಾರು ತಮ್ಮದೆಂದು ತೋರಿಸಲು ದಾಖಲೆಯಿಲ್ಲ, ದಾಖಲೆಯಿಲ್ಲದೆ ವಿಮೆಯಿಲ್ಲ. ಸಾರಿಗೆ ಇಲಾಖೆಯವರು ಯಲಹಂಕದ ತಮ್ಮ ಕಚೇರಿಯಲ್ಲಿಯೇ ನೆರವಿನ ಮೇಜೊಂದನ್ನು ಹಾಕಿ, ನೋಂದಣಿ ಪತ್ರದ ನಕಲನ್ನು ಕೊಡುವ ಏರ್ಪಾಡು ಮಾಡಿದರು. ಇದು ಸಣ್ಣ ಕೆಲಸವೆಂದು ಕಾಣಬಹುದು. ಬೆಂಕಿ ಬಿದ್ದವನಿಗೆ ಮೊದಲ ದಿನ ಬೇಕಾದುದು ಸಮಾಧಾನದ ಮಾತಿಗಿಂತ ಹೆಚ್ಚಾಗಿ ಇಂತಹುದೇ ಒಂದು ಕಾಗದ, ಒಂದು ಚೊಂಬು ನೀರು, ರಾತ್ರಿ ಮಲಗಲು ಒಂದು ಚಾಪೆ ಎಂಬುದನ್ನು ಅನುಭವಸ್ಥರು ಬಲ್ಲರು.

ನಗರದವರಿಗೆ ಈ ಬೆಂಕಿ ಆಶ್ಚರ್ಯವಾಗಿ ಕಂಡಿತು. ಹಳೆಯ ಯಲಹಂಕದ ಮುದುಕರಿಗೆ ಹಾಗಲ್ಲ. ಈ ಸೀಮೆಯ ಫೆಬ್ರವರಿಯ ಹುಲ್ಲನ್ನು ಅವರು ಕಂಡವರು. ಮುಂಗಾರು ಮುಗಿದು, ಹಿಂಗಾರಿನ ಕೊನೆಯ ಹನಿ ಕಾರ್ತಿಕದ ಹೊತ್ತಿಗೆ ಬಿದ್ದರೆ ಬಿತ್ತು. ಆಮೇಲೆ ಯುಗಾದಿಯ ಆಚೆಗೆ ಮೋಡ ಕಟ್ಟುವವರೆಗೆ ನೆಲ ಒಣಗುತ್ತಲೇ ಹೋಗುತ್ತದೆ. ಹೆಸರಘಟ್ಟದ ಹುಲ್ಲುಗಾವಲು, ಕೆರೆಯ ಅಂಗಳ, ಗೋಮಾಳ, ಎಲ್ಲವೂ ಶಿವರಾತ್ರಿಯ ವೇಳೆಗೆ ಹೊಂಬಣ್ಣಕ್ಕೆ ತಿರುಗಿ, ಕಿಡಿಯೊಂದಕ್ಕೆ ಕಾದಿರುತ್ತವೆ. ಅದೇ ಕಾಲಕ್ಕೆ ಊರೊಳಗೆ ಏನಿರುತ್ತಿತ್ತೆಂದು ನೆನೆಯಬೇಕು. ಆಷಾಢ ಶ್ರಾವಣದಲ್ಲಿ ಬಿತ್ತಿದ ರಾಗಿಯನ್ನು ಕೊಯ್ದು, ಕಣದಲ್ಲಿ ಒಕ್ಕಣೆ ಮಾಡಿ, ವರ್ಷಕ್ಕಾಗುವ ಹುಲ್ಲನ್ನು ಮನೆಯ ಹಿತ್ತಿಲಲ್ಲಿ ಬಣವೆ ಒಟ್ಟಿರುತ್ತಿದ್ದರು. ಮನೆಗಳಲ್ಲಿ ಬಹಳಷ್ಟು ಹುಲ್ಲಿನ ಹೊದಿಕೆಯವು, ಒಂದರ ಸೂರು ಇನ್ನೊಂದರ ಸೂರಿಗೆ ತಾಗುವಂತೆ ಕಟ್ಟಿದವು. ಹೀಗೆ ಗಾಳಿ ಜೋರಾಗಿ, ನೀರು ಕಡಿಮೆಯಾಗಿ, ಉರಿಯುವ ವಸ್ತು ಊರಲ್ಲೆಲ್ಲ ತುಂಬಿದ ಕಾಲ ಒಂದೇ ಆಗಿತ್ತು.

ಆ ಕಾಲದ ನಡುವೆಯೇ ಸಂಕ್ರಾಂತಿಯ ದಿನ ಹುಲ್ಲಿಗೆ ಬೆಂಕಿಯಿಟ್ಟು ದನಗಳಿಗೆ ಕಿಚ್ಚು ಹಾಯಿಸುವವರೂ, ಫಾಲ್ಗುಣದಲ್ಲಿ ಕಾಮನನ್ನು ಸುಡುವವರೂ ನಮ್ಮವರೇ ಎಂಬುದು ಬೇರೆ ಮಾತು. ಬೆಂಕಿಯ ಜೊತೆಗೆ ಬದುಕುವವರು ಅದಕ್ಕೆ ಹೆದರಿ ಮೂಲೆ ಸೇರುವುದಿಲ್ಲ.

ಬಣವೆಗೆ ಬೆಂಕಿ ಬಿದ್ದಿತೆಂದರೆ ಊರು ಏನು ಮಾಡುತ್ತಿತ್ತು? ತಮಟೆ ಬಡಿದು ಕೂಗು ಹಾಕುವುದು. ದನಗಳ ಕಣ್ಣಿ ಕೊಯ್ದು ಹೊರಕ್ಕೆ ಅಟ್ಟುವುದು. ಹಗ್ಗ ಬಿಚ್ಚುತ್ತ ಕುಳಿತರೆ ದನವೂ ಉಳಿಯದು, ಬಿಚ್ಚುವವನೂ ಉಳಿಯನು. ಬಾವಿಯಿಂದ ಮನೆಯವರೆಗೆ ಸಾಲು ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದು. ಗಾಳಿ ಬೀಸುವ ಕಡೆಯ ಮನೆಯ ಹೊದಿಕೆಯನ್ನು, ಇನ್ನೂ ಬೆಂಕಿ ತಾಗದಿದ್ದರೂ, ಕಿತ್ತು ಕೆಡವುವುದು. ಈ ಕೊನೆಯ ಕೆಲಸಕ್ಕೆ ಎದೆಗಾರಿಕೆ ಬೇಕು. ತನ್ನ ಮನೆಯ ಸೂರನ್ನು ಊರಿನ ಸಲುವಾಗಿ ಕಿತ್ತುಕೊಡುವವನು ನಾಳೆ ಊರೇ ತನಗೆ ಸೂರು ಹಾಕಿಕೊಡುವುದೆಂದು ನಂಬಿರಬೇಕು. ಆ ನಂಬಿಕೆ ಎಲ್ಲಿಂದ ಬಂದಿತು ಎಂಬುದು ನನ್ನ ಪ್ರಶ್ನೆ.

ಅದು ಬಂದುದು ‘ಮುಯ್ಯಿ’ಯಿಂದ. ಈ ಮಾತನ್ನು ಇಂದಿನ ಮಕ್ಕಳು ‘ಮುಯ್ಯಿ ತೀರಿಸಿಕೊಂಡ’ ಎಂದು ಹಗೆಯ ಅರ್ಥದಲ್ಲಿ ಮಾತ್ರ ಕೇಳಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅದರ ಮುಖ್ಯಾರ್ಥ ಅದಲ್ಲ. ನಾಟಿಗೆ, ಕೊಯಿಲಿಗೆ, ಕಣಕ್ಕೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವುದು ಮುಯ್ಯಾಳು. ಕೂಲಿಯ ಮಾತಿಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮದುವೆಯಲ್ಲಿ ಬಂದವರು ಕೊಟ್ಟುದನ್ನು ಹೆಸರು ಹಿಡಿದು ಗಟ್ಟಿಯಾಗಿ ಓದಿ ಬರೆದಿಡುವುದು ಮುಯ್ಯಿ ಓದಿಸುವುದು. ಪೇಟೆಯವರು ಇದನ್ನು ಕಂಡು ನಗುತ್ತಾರೆ: ಉಡುಗೊರೆಗೂ ಲೆಕ್ಕವೇ ಎಂದು. ಆ ಲೆಕ್ಕದಲ್ಲಿಯೇ ಮಾನ ಇರುವುದು. ಪಡೆದವನು ತಿರುಗಿ ಕೊಡುತ್ತಾನೆಂದು ಊರು ನಂಬಿದೆ ಎಂಬುದಕ್ಕೆ ಆ ಪಟ್ಟಿ ಸಾಕ್ಷಿ.

ಮನೆ ಸುಟ್ಟವನಿಗೂ ನಮ್ಮ ಹಳ್ಳಿ ಇದೇ ಮುಯ್ಯಿಯನ್ನು ನಡೆಸಿತು. ನೆರೆಯ ಊರಿನವರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವರು. ಒಬ್ಬರು ಬಿದಿರು, ಒಬ್ಬರು ಗಳು, ಇನ್ನೊಬ್ಬರು ಮರದಲ್ಲಿ ಎರಡು ಸೇರು ರಾಗಿ. ಹೆಂಗಸರು ಬೂದಿಯಲ್ಲಿ ಕೈಯಾಡಿಸಿ, ಉಳಿದ ಪಾತ್ರೆಯನ್ನು ಹೆಕ್ಕಿ, ಹುಣಿಸೆ ಹಣ್ಣು ಹಾಕಿ ತಿಕ್ಕಿ ಕೊಡುವರು. ‘ಪಾಪ’ ಎನ್ನುವವರು ಇದ್ದೇ ಇರುತ್ತಾರೆ. ಆದರೆ ಹುಲ್ಲಿನ ಹೊರೆ ತಂದವನು ಪಾಪ ಎನ್ನುವುದಿಲ್ಲ. ‘ಎಲ್ಲಿ ಇಳಿಸಲಿ?’ ಎನ್ನುತ್ತಾನೆ. ಆ ಮಾತಿನೊಂದಿಗೆ ಮನೆಯವನು ಮತ್ತೆ ಯಜಮಾನನಾಗುತ್ತಾನೆ. ಇಲ್ಲಿ ಇಳಿಸು ಎಂದು ಜಾಗ ತೋರಿಸುತ್ತಾನೆ. ಎಲ್ಲವನ್ನೂ ಕಳೆದುಕೊಂಡವನಿಗೆ ಹೀಗೆ ತೋರಿಸಲು ಒಂದು ಜಾಗ, ಹೇಳಲು ಒಂದು ಮಾತು ದೊರೆಯುವುದು ದೊಡ್ಡ ಸಂಗತಿ.

ಹಳ್ಳಿಯನ್ನು ನಾನು ಹೊನ್ನಿನಲ್ಲಿ ಎರಕ ಹೊಯ್ಯುತ್ತಿಲ್ಲ. ಹೊಲಗೇರಿಗೆ ಬೆಂಕಿ ಬಿದ್ದಾಗ ಊರ ಬಾವಿಯ ನೀರು ಅಷ್ಟೇ ಬೇಗ ಹರಿಯಿತೆಂದು ಯಾರೂ ಎದೆ ತಟ್ಟಿ ಹೇಳಲಾರರು. ಮುಯ್ಯಿ ನಡೆದುದು ಸಮಾನರ ನಡುವೆ. ಯಾರಿಂದ ಊರು ಏನನ್ನೂ ತಿರುಗಿ ಪಡೆಯಲು ಒಪ್ಪುತ್ತಿರಲಿಲ್ಲವೋ ಅವರಿಗೆ ದೊರೆತುದು ಮುಯ್ಯಿಯಲ್ಲ, ಭಿಕ್ಷೆ. ‘ಉರಿಯುವ ಮನೆಯಲ್ಲಿ ಗಳ ಹಿರಿದಂತೆ’ ಎಂಬ ಗಾದೆ ನಮ್ಮಲ್ಲಿ ಹುಟ್ಟಿರಬೇಕಾದರೆ, ಹಿರಿದವರೂ ಇದ್ದೇ ಇರಬೇಕು.

ಊರು ನಾಶವಾಗುವುದಕ್ಕೆ ನಮ್ಮ ಶಾಸನಗಳಲ್ಲಿ ‘ಊರಳಿವು’ ಎಂಬ ಮಾತುಂಟು. ತುರುಗೋಳು ಎಂದರೆ ದನಗಳನ್ನು ಹಿಡಿದೊಯ್ಯುವುದು, ಪೆಣ್ಬುಯ್ಯಲು ಎಂದರೆ ಹೆಂಗಸರ ಮೊರೆ. ಇವುಗಳ ಜೊತೆಗೆ ಊರಳಿವಿನಲ್ಲಿ ಕಾದಿ ಮಡಿದವರಿಗೂ ವೀರಗಲ್ಲುಗಳನ್ನು ನಿಲ್ಲಿಸಿದರು. ಕಲ್ಲಿನೊಡನೆ ಕಾರ್ಯ ಮುಗಿಯುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಗಂಡನನ್ನು ಕಳೆದುಕೊಂಡವಳಿಗೆ ಕಲ್ಲು ನೋಡಿ ಕಣ್ಣೀರಿಡಲು ಒಂದು ತಾಣವಾಯಿತು. ಮಕ್ಕಳಿಗೆ ಉತ್ತು ಉಣ್ಣಲು ನೆಲವಾಯಿತು. ಎರಡನ್ನೂ ಒಟ್ಟಿಗೆ ಕೊಟ್ಟುದರಲ್ಲಿ ಆ ಕಾಲದವರ ವಿವೇಕವಿದೆ. ಇಂದು ನಾವು ಪರಿಹಾರದ ಹಣವನ್ನು ಒಂದು ಕಡೆ, ಶ್ರದ್ಧಾಂಜಲಿಯ ಸಭೆಯನ್ನು ಇನ್ನೊಂದು ಕಡೆ ಇಟ್ಟಿದ್ದೇವೆ. ಹಣ ತಡವಾಗುತ್ತದೆ, ಸಭೆ ಬೇಗ ಮುಗಿಯುತ್ತದೆ.

ಯುದ್ಧವೂ ಈ ನೆಲಕ್ಕೆ ಬೆಂಕಿ ತಂದಿತು. ೧೭೯೧ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದು, ತಿಂಗಳ ಕೊನೆಯಲ್ಲಿ ದೇವನಹಳ್ಳಿಯ ಕಡೆಗೆ ಉತ್ತರಾಭಿಮುಖವಾಗಿ ಹೊರಟಿತು. ಶತ್ರುವಿನ ಎತ್ತು ಕುದುರೆಗಳಿಗೆ ಮೇವು ಸಿಕ್ಕಬಾರದೆಂದು ಟಿಪ್ಪುವಿನ ಕಡೆಯವರು ಸುತ್ತಿನ ಮೇವನ್ನೆಲ್ಲ ಸುಟ್ಟರು. ಯುದ್ಧನೀತಿಯ ಪುಸ್ತಕದಲ್ಲಿ ಅದು ಒಂದು ಉಪಾಯ. ಬಣವೆಯ ಒಡೆಯನಾದ ರೈತನಿಗೆ ಅದು ಒಂದು ವರ್ಷದ ಬಾಳು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು, ಯುದ್ಧದಲ್ಲಿ ಹಾಳಾದ ಊರುಗಳ ಮಾತನ್ನು ತನ್ನ ಪ್ರವಾಸದ ಗ್ರಂಥದಲ್ಲಿ ಮತ್ತೆ ಮತ್ತೆ ಎತ್ತುತ್ತಾನೆ. ಒಂಬತ್ತು ವರ್ಷವಾದರೂ ಗಾಯ ಕಾಣುತ್ತಿತ್ತೆಂದಾಯಿತು.

ಹುಲ್ಲಿನ ಸೂರಿನ ಭಯವನ್ನು ಬಹುಮಟ್ಟಿಗೆ ಕಳೆದುದು ಹೆಂಚು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹೂಡಿದ ಮೇಲೆ, ಮಂಗಳೂರು ಹೆಂಚು ರೈಲಿನಲ್ಲಿ, ಗಾಡಿಯಲ್ಲಿ ಬಯಲುಸೀಮೆಗೂ ಬಂದಿತು. ಹೆಂಚು ಹೊದಿಸಲು ಶಕ್ತರಾದವರು ಹೊದಿಸಿದರು. ಬಡವನ ಗುಡಿಸಲು ಮಾತ್ರ ಬಹುಕಾಲ ಹುಲ್ಲಿನದಾಗಿಯೇ ಉಳಿಯಿತು. ಆದುದರಿಂದ ಬೆಂಕಿಯೂ ಕ್ರಮೇಣ ಬಡವನ ಮನೆಯ ನೆಂಟನೇ ಆಯಿತು.

ಈ ಮಾತು ಬಂದುದರಿಂದ, ನನ್ನ ತರಗತಿಯಲ್ಲಿ ನಡೆದುದೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಯಲಹಂಕಕ್ಕೆ ಉತ್ತರದ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನ ಗುಡಿಸಲು ಪರೀಕ್ಷೆಗೆ ಒಂದು ತಿಂಗಳಿರುವಾಗ ಸುಟ್ಟಿತು. ಅವನು ನಾಲ್ಕನೆಯ ದಿನವೇ ಶಾಲೆಗೆ ಬಂದ. ಬಂದನೇ ಹೊರತು ಮಾತಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವನು, ನೆಲ ನೋಡುವನು. ನಾವು ಉಪಾಧ್ಯಾಯರು ಸೇರಿ ಹಣ ಕೂಡಿಸಿ ಅಂಗಿ, ಚಡ್ಡಿ, ಪುಸ್ತಕ ಕೊಡಿಸಿದೆವು. ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರೆದುರು ಕೊಟ್ಟೆವು. ಅವನು ತೆಗೆದುಕೊಂಡ. ಆ ಹೊಸ ಅಂಗಿಯನ್ನು ಅವನು ತೊಟ್ಟುದನ್ನು ನಾನು ಬಹುದಿನ ಕಾಣಲಿಲ್ಲ.

ಅವನ ಟಿಪ್ಪಣಿ ಪುಸ್ತಕಗಳು ಸುಟ್ಟಿದ್ದವಷ್ಟೆ. ಯಾರು ಹೇಳಿದರೋ, ತರಗತಿಯ ಹುಡುಗರು ತಮ್ಮತಮ್ಮಲ್ಲೇ ಪಾಠಗಳನ್ನು ಹಂಚಿಕೊಂಡು, ಒಬ್ಬೊಬ್ಬನು ಒಂದೊಂದನ್ನು ಬರೆದು, ದಾರ ಹಾಕಿ ಹೊಲಿದು ಕೊಟ್ಟರು. ಹದಿನೈದು ಬಗೆಯ ಕೈಬರಹ, ತಪ್ಪುಗಳಿಗೆ ಲೆಕ್ಕವಿಲ್ಲ; ಒಬ್ಬನಂತೂ ‘ಮಹಾಪ್ರಾಣ’ ಎಂಬುದನ್ನೇ ತಪ್ಪಾಗಿ ಬರೆದಿದ್ದ. ಹುಡುಗ ಅದನ್ನು ಓದಿ ನಕ್ಕನೆಂದು ಕೇಳಿದೆ. ಮುಂದಿನ ವರ್ಷ ಇನ್ನೊಬ್ಬ ಹುಡುಗ ವಿಷಮಶೀತಜ್ವರದಿಂದ ತಿಂಗಳು ಕಾಲ ಮಲಗಿದಾಗ, ಯಾರೂ ಹೇಳದೆಯೇ ಆ ಪಾಠಗಳನ್ನೆಲ್ಲ ಬರೆದುಕೊಟ್ಟವನು ಇವನೇ. ಆ ವೇಳೆಗೆ ಅವನಿಗೆ ಮಾತು ಪೂರ್ತಿಯಾಗಿ ಮರಳಿತ್ತು. ನಮ್ಮ ಅಂಗಿ ಮಾಡದ ಕೆಲಸವನ್ನು ಹೊಲಿದ ಆ ಪುಸ್ತಕ ಮಾಡಿತೆಂದು ನನ್ನ ಎಣಿಕೆ. ಅಂಗಿಗೆ ಅವನು ತಿರುಗಿ ಏನು ಕೊಡಬಲ್ಲವನಾಗಿದ್ದ?

ದುಃಖದ ಈ ಬಗೆಯನ್ನು ಶಾಸ್ತ್ರೀಯವಾಗಿ ನೋಡುವ ಕಾರ್ಯಕ್ಕೂ ಬೆಂಗಳೂರಿನಲ್ಲಿಯೇ ಒಂದು ಬೆಂಕಿ ಕಾರಣವಾಯಿತು. ಅದು ಹಳ್ಳಿಯದಲ್ಲ, ಪೇಟೆಯದು. ೧೯೮೧ರ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಆ ದಿನದ ವಿವರಗಳನ್ನು ಬರೆಯಲು ನನಗೆ ಕೈ ಬಾರದು. ಬಂಧುಗಳನ್ನು ಕಳೆದುಕೊಂಡವರ ಶೋಕವನ್ನು ಕುರಿತು ನಮ್ಮ ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ನಡೆಸಿ, ೧೯೮೭ರಲ್ಲಿ ಅದನ್ನು ಪ್ರಕಟಿಸಿದರು. ವಿಪತ್ತಿನ ನಂತರದ ಮನಸ್ಸಿನ ಸ್ಥಿತಿಯನ್ನು ಕುರಿತು ಭಾರತದಲ್ಲಿ ನಡೆದ ಮೊಟ್ಟಮೊದಲಿನ ಅಧ್ಯಯನಗಳಲ್ಲಿ ಅದು ಒಂದು. ಮುಂದೆ ಒರಿಸ್ಸದ ೧೯೯೯ರ ಚಂಡಮಾರುತ, ಗುಜರಾತಿನ ೨೦೦೧ರ ಭೂಕಂಪ, ೨೦೦೪ರ ಸುನಾಮಿ ಇವುಗಳ ವೇಳೆಯಲ್ಲಿ ಇದೇ ಸಂಸ್ಥೆಯವರು, ವೈದ್ಯರಲ್ಲದ ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ನೊಂದವರ ಮನೆಗೆ ಹೋಗಿ ಕುಳಿತು ಅವರ ಮಾತು ಕೇಳುವ ಕ್ರಮವನ್ನು ಬೆಳೆಸಿದರು. ಮದ್ದಿಗಿಂತ ಮೊದಲು ಕಿವಿ ಬೇಕೆಂಬುದು ಅದರ ತಿರುಳು. ನಮ್ಮ ಹಳ್ಳಿಯ ಅಜ್ಜಿಯರು ಸಾವಿನ ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತು ಮಾಡುತ್ತಿದ್ದುದೂ ಅದನ್ನೇ.

ನಮ್ಮ ಯಲಹಂಕದ ಬಯಲು ಉರಿದ ಅದೇ ವಾರ, ೨೦೧೯ರ ಫೆಬ್ರವರಿಯಲ್ಲಿ, ಬಂಡೀಪುರದ ಕಾಡೂ ಉರಿಯುತ್ತಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಮೇಲಿನಿಂದ ನೀರು ಚೆಲ್ಲಿದವು. ಅದಕ್ಕೂ ಮೊದಲು, ಅದರ ಜೊತೆಗೆ, ಹಸಿಸೊಪ್ಪಿನ ಕೊಂಬೆ ಹಿಡಿದು ಬೆಂಕಿಯ ಅಂಚನ್ನು ಬಡಿದು ಆರಿಸಿದವರು ಅರಣ್ಯ ಇಲಾಖೆಯ ಕೆಳಗಿನ ನೌಕರರು, ಸುತ್ತಿನ ಹಳ್ಳಿಗರು, ಮತ್ತು ಬೆಂಗಳೂರು ಮೈಸೂರುಗಳಿಂದ ಹೋದ ಸ್ವಯಂಸೇವಕರು. ಊರ ಹುಡುಗರು ಕಚೇರಿಗೆ ರಜೆ ಹಾಕಿ, ನೀರಿನ ಸೀಸೆ, ಕಿತ್ತಳೆ ಹಣ್ಣು, ಗ್ಲೂಕೋಸಿನ ಪೊಟ್ಟಣ ಹೊತ್ತು ಹೋದರು. ಅವರಲ್ಲಿ ಕೆಲವರಿಗೆ ಕಾಡಿನ ದಾರಿ ತಿಳಿಯದೆ ತೊಂದರೆಯಾಗುವ ಭಯವೂ ಇತ್ತು. ಉತ್ಸಾಹವೊಂದೇ ಬೆಂಕಿಯನ್ನು ನಂದಿಸದು.

ಕಾಡಿನ ಬೆಂಕಿಯಲ್ಲಿ ಶೋಕಕ್ಕೆ ಯಾರು ವಾರಸುದಾರರು? ಮನೆ ಸುಟ್ಟರೆ ಮನೆಯವನಿದ್ದಾನೆ. ಕಾಡು ಸುಟ್ಟರೆ ಅಳುವವನು, ಅದರಲ್ಲಿ ನಿತ್ಯ ನಡೆದಾಡಿದವನು. ಬಂಡೀಪುರದಲ್ಲಿಯೇ ೨೦೧೭ರ ಫೆಬ್ರವರಿಯಲ್ಲಿ ಅರಣ್ಯ ರಕ್ಷಕರೊಬ್ಬರು ಬೆಂಕಿ ಆರಿಸುತ್ತ ಪ್ರಾಣ ಬಿಟ್ಟರು. ೨೦೨೩ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯ ಕಾಡುಮನೆಯಲ್ಲಿ ಇನ್ನೊಬ್ಬರು. ಇವರು ಊರಳಿವಿನಲ್ಲಿ ಕಾದಿ ಮಡಿದ ಹಳೆಯ ವೀರರ ಸಾಲಿಗೆ ಸೇರತಕ್ಕವರೆಂದು ನಾನು ತಿಳಿಯುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ, ಹುಲ್ಲಿನಲ್ಲಿ ಇನ್ನೂ ಸ್ವಲ್ಪ ಹಸಿಯಿರುವಾಗಲೇ, ಚಳಿಗಾಲದ ಕೊನೆಯಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು. ಉದುರಿದ ಎಲೆ ಮೆಲ್ಲನೆ ಉರಿದು ಹೋದರೆ ಬೇಸಗೆಯಲ್ಲಿ ದೊಡ್ಡ ಬೆಂಕಿಗೆ ಉಣಿಸಿರುವುದಿಲ್ಲ. ೧೯೭೪ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಲಂಟಾನದ ಪೊದೆ ಹಬ್ಬಿತು. ಕಾಡಿನ ಮೇಲೆ ಸೋಲಿಗರ ಸಮುದಾಯದ ಹಕ್ಕನ್ನು ಸರ್ಕಾರ ೨೦೧೧ರಲ್ಲಿ ಮನ್ನಿಸಿತು. ಬೆಂಕಿಯ ವಿಚಾರದಲ್ಲಿ ಮಾತ್ರ ಅವರ ಮಾತನ್ನು ಕೇಳುವವರು ಇನ್ನೂ ವಿರಳ. ನೊಂದವರಿಗೆ ನೆರವು ಎಂದರೆ ಅವರ ತಿಳಿವಳಿಕೆಯನ್ನು ಕೇಳುವುದೂ ಸೇರಿರಬೇಕಷ್ಟೆ.

ಇನ್ನು ಕಡಲಾಚೆಯ ಒಂದು ಊರಿನ ಕಥೆ. ಕಾಳ್ಗಿಚ್ಚಿನ ದೇಶವೆಂದರೆ ಆಸ್ಟ್ರೇಲಿಯ. ಅಲ್ಲಿಯ ವಿಕ್ಟೋರಿಯ ಪ್ರಾಂತದಲ್ಲಿ ೨೦೦೯ರ ಫೆಬ್ರವರಿ ೭ರಂದು ಎದ್ದ ಬೆಂಕಿಗೆ ೧೭೩ ಜನ ಬಲಿಯಾದರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಹೋದವು. ನಮ್ಮ ಸರ್ಕಸ್ಸಿನ ದುರಂತದ ದಿನಾಂಕವೂ ಅದೇ, ಎರಡೂ ಶನಿವಾರಗಳೇ. ಅಲ್ಲಿಯ ರೇಡಿಯೋ ನಿಲಯ ದಿನವೆಲ್ಲ ಜನರ ಕರೆಗಳನ್ನು ಬಿತ್ತರಿಸುತ್ತ, ಬೆಂಕಿ ಎಲ್ಲಿದೆಯೆಂಬುದನ್ನು ಕೇಳುಗರಿಂದಲೇ ತಿಳಿದು ಕೇಳುಗರಿಗೆ ತಿಳಿಸಿತು. ಆಮೇಲೆ ಸರ್ಕಾರದವರು ಸಂತ್ರಸ್ತ ಕುಟುಂಬಕ್ಕೊಬ್ಬರಂತೆ ಕಾರ್ಯಕರ್ತರನ್ನು ಗೊತ್ತುಮಾಡಿದರು. ಹತ್ತು ಕಚೇರಿಗೆ ಹತ್ತು ಸಲ ತನ್ನ ದುಃಖವನ್ನು ಮೊದಲಿನಿಂದ ಹೇಳುವುದಕ್ಕಿಂತ, ಒಬ್ಬರಿಗೇ ಹೇಳಿದರೆ ಅವರೇ ಹತ್ತು ಕಚೇರಿಗೆ ಓಡಾಡಲಿ ಎಂಬುದು ಉದ್ದೇಶ. ನಮ್ಮಲ್ಲಿ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆ ಬಂದಿದೆ. ಪರಿಹಾರ ದೊರೆಯುವ ವಿಪತ್ತುಗಳ ಪಟ್ಟಿಯಲ್ಲಿ ಬೆಂಕಿಯೂ ಉಂಟು. ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಕಂಬ ಸುತ್ತುವುದನ್ನು ಆ ಕಾಯಿದೆ ತಪ್ಪಿಸಿಲ್ಲ.

ಮೆಲ್ಬರ್ನ್ ವಿಶ್ವವಿದ್ಯಾನಿಲಯದವರು ಆ ಬೆಂಕಿಗೆ ಸಿಕ್ಕಿದ ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಬಿಡದೆ ವಿಚಾರಿಸುತ್ತ ಹೋದರು. ಕಾಲ ಕಳೆದಂತೆ ಹೆಚ್ಚಿನವರು ಚೇತರಿಸಿಕೊಂಡರು. ಐದು ವರ್ಷವಾದರೂ ಚೇತರಿಸದವರೂ ಕಡಿಮೆಯಿರಲಿಲ್ಲ. ಊರಿನ ಯಾವುದಾದರೂ ಒಂದೆರಡು ಸಂಘಗಳಲ್ಲಿ, ಅದು ಆಟದ ಸಂಘವಾದರೂ ಆಗಲಿ, ಬೆಂಕಿ ಆರಿಸುವ ದಳವಾದರೂ ಆಗಲಿ, ಸೇರಿ ಕೆಲಸ ಮಾಡಿದವರ ಮನಸ್ಸು ಹೆಚ್ಚು ಬೇಗ ಹದಕ್ಕೆ ಬಂದಿತು. ತೀರ ಹೆಚ್ಚು ಸಂಘಗಳಲ್ಲಿ ಸಿಕ್ಕಿಕೊಂಡವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಗೆಳೆಯರು ಊರು ಬಿಟ್ಟುಹೋದವರಲ್ಲಿ ಖಿನ್ನತೆ ಹೆಚ್ಚು. ಇದನ್ನು ಓದಿದಾಗ ನನಗೆ ಮುಯ್ಯಾಳಿನ ನೆನಪಾಯಿತು. ನೊಂದವನು ಬರಿದೆ ಪಡೆಯುತ್ತ ಕೂರದೆ, ಇನ್ನೊಬ್ಬರಿಗೆ ಏನನ್ನಾದರೂ ಮಾಡಿಕೊಡುವವನಾದಾಗ ಅವನ ಬೇಗೆ ಇಳಿಯತೊಡಗುತ್ತದೆ. ಮಾಡಿಕೊಡಬೇಕಾದವರೇ ಹೊರಟುಹೋದರೆ ಲೆಕ್ಕ ಹರಿಯದೆ ಉಳಿಯುತ್ತದೆ.

ನಮ್ಮ ಕಾವ್ಯದಲ್ಲಿಯೂ ಇದರ ಸುಳಿವುಂಟು. ಖಾಂಡವ ದಹನವನ್ನು ಪಂಪನೂ ಕುಮಾರವ್ಯಾಸನೂ ವರ್ಣಿಸಿದ್ದಾರೆ. ಅರ್ಜುನನ ಪರಾಕ್ರಮ ಅಲ್ಲಿ ಎದ್ದು ಕಾಣುತ್ತದೆ. ವ್ಯಾಸಭಾರತದಲ್ಲಿ ಆ ಬೆಂಕಿಯ ನಡುವೆ ಜರಿತೆ ಎಂಬ ಹಕ್ಕಿಯ ಕಥೆ ಬರುತ್ತದೆ. ನಾಲ್ಕು ಮರಿಗಳು, ರೆಕ್ಕೆ ಬಲಿತಿಲ್ಲ. ಗಂಡ ಮಂದಪಾಲನು ಲಪಿತೆ ಎಂಬ ಇನ್ನೊಬ್ಬಳೊಡನೆ ದೂರದಲ್ಲಿದ್ದಾನೆ. ನೀನಾದರೂ ಹಾರಿ ಬದುಕು ಎಂದು ಮರಿಗಳೇ ತಾಯಿಯನ್ನು ಕಳುಹಿಸುತ್ತವೆ. ಅಗ್ನಿ ಮರಿಗಳನ್ನು ಉಳಿಸುತ್ತಾನೆ. ತಾಯಿ ಹಿಂದಿರುಗಿ ಒಂದೊಂದನ್ನೂ ಅಪ್ಪಿಕೊಂಡು ಅಳುತ್ತಾಳೆ. ಆಮೇಲೆ ಮಂದಪಾಲನು ಬರುತ್ತಾನೆ. ಮಕ್ಕಳನ್ನು ಸುಡಬೇಡವೆಂದು ಅಗ್ನಿಯನ್ನು ಸ್ತುತಿಸಿ ವರ ಪಡೆದವನು ಅವನೇ. ಆದರೂ ಅವನ ಮಾತಿಗೆ ಮಕ್ಕಳು ಒಳ್ಳೆಯದನ್ನೂ ಆಡುವುದಿಲ್ಲ, ಕೆಟ್ಟುದನ್ನೂ ಆಡುವುದಿಲ್ಲ. ದೊಡ್ಡವರೊಡನೆ ಮಾತಾಡಿ ಕಾರ್ಯ ಸಾಧಿಸಿಕೊಟ್ಟುದು ನಿಜ. ಉರಿಯ ಹೊತ್ತಿನಲ್ಲಿ ಗೂಡಿನ ಬಳಿ ಇರಲಿಲ್ಲ, ಅಷ್ಟೆ. ನಮ್ಮ ಮುಖಂಡರು ಈ ಭಾಗವನ್ನು ಓದಿಕೊಂಡರೆ ಒಳ್ಳೆಯದು.

ವಿಕ್ಟೋರಿಯದ ಸ್ಟ್ರಾಥೀವನ್ ಎಂಬ ಸಣ್ಣ ಹಳ್ಳಿ ಆ ಶನಿವಾರ ೨೭ ಜನರನ್ನು ಕಳೆದುಕೊಂಡಿತು. ಮರಗಳೆಲ್ಲ ಸುಟ್ಟು ನಿಂತುದನ್ನು ಕಂಡ ಅಲ್ಲಿಯ ಕಮ್ಮಾರರು, ಲೋಹದ ಮರವೊಂದನ್ನು ಮಾಡಿ ನಿಲ್ಲಿಸೋಣ ಎಂದು ತಮ್ಮ ಕಸುಬಿನವರಿಗೆಲ್ಲ ಹೇಳಿಕಳುಹಿಸಿದರು. ಹಲವು ದೇಶಗಳ ಕಮ್ಮಾರರು ತಮ್ಮ ತಮ್ಮ ಕುಲುಮೆಯಲ್ಲಿ ಬಡಿದು ಮಾಡಿದ ನೀಲಗಿರಿ ಎಲೆಗಳನ್ನು ಕಳುಹಿಸಿದರು. ಎಲೆಗಳ ಸಂಖ್ಯೆ ಮೂರು ಸಾವಿರವನ್ನು ದಾಟಿತು. ೨೦೧೩ರಲ್ಲಿ ಮರ ಹಳ್ಳಿಯಲ್ಲಿ ನಿಂತಿತು. ಬೆಂಕಿಯಿಂದಲೇ ಬದುಕುವ ಕಸುಬಿನವರು ಬೆಂಕಿಯಲ್ಲಿ ನೊಂದವರಿಗೆ ಕೊಟ್ಟ ಕಾಣಿಕೆ ಅದು. ಎಲೆಗಳ ಮೇಲೆ ಹೆಸರುಗಳಿವೆ, ಮಾತುಗಳಿವೆ. ನಮ್ಮ ವೀರಗಲ್ಲಿಗೆ ಅಕ್ಕತಂಗಿಯೆಂದರೆ ತಪ್ಪಾಗದು.

ಅಂತಹ ಕಲ್ಲು ನಮ್ಮ ಹೆಬ್ಬಾಳದಲ್ಲಿಯೂ ಉಂಟು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿಸ್ತಶಕ ೭೫೦ರ ಸುಮಾರಿನದು. ರಾಷ್ಟ್ರಕೂಟರ ಕಡೆಯ ದಂಡು ಪೆರ್ಬೊಳಲ ನಾಡಿನ ಮೇಲೆ ಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬವನ ಕಲ್ಲು ಅದು. ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಕಳೆದು, ಅದು ೨೦೧೮ರಲ್ಲಿ ಮಣ್ಣಿನಿಂದ ಮತ್ತೆ ಕಣ್ಣಿಗೆ ಬಿದ್ದಿತು. ಕಿತ್ತಯ್ಯನ ವಂಶದವರು ಎಲ್ಲಿದ್ದಾರೋ ಯಾರು ಬಲ್ಲರು. ಊರಿನವರೂ ಶಾಸನಾಸಕ್ತರೂ ಕೂಡಿ ಹಣ ಒಟ್ಟುಮಾಡಿ ಆ ಕಲ್ಲಿಗೊಂದು ಮಂಟಪ ಕಟ್ಟಿಸಿದರು. ಹೆಬ್ಬಾಳದ ಬಸ್ಸಿಳಿದು ಕೇಳಿದರೆ ದಾರಿ ತೋರಿಸುತ್ತಾರೆ.